ಐದು ವರ್ಷ ಬಣ್ಣ ಬದಲಿಸುವಂತಿಲ್ಲ: ಖಾಸಗಿ ಶಾಲೆಯ ಯೂನಿಫಾರ್ಮ್ ನಡೆದು ಬಂದ ದಾರಿ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಯೂನಿಫಾರ್ಮ್ ಅಂಗಡಿಗಳ ಮುಂದೆ ಜನವೋ ಜನ. ಎಲ್ಲರ ಕೈಯಲ್ಲೂ ಶಾಲೆ ಕೊಟ್ಟ ಚೀಟಿ. ವಾರದಲ್ಲಿ ನಾಲ್ಕು ದಿನ ಚೆಕ್ಸ್ ಅಂಗಿ, ಬುಧವಾರ ಹೌಸ್ ಟೀ ಶರ್ಟ್, ಶನಿವಾರ ಬಿಳಿ ಬಟ್ಟೆ. ಟೈ, ಬೆಲ್ಟ್, ಕಪ್ಪು ಶೂ, ಬಿಳಿ ಶೂ, ಎರಡು ಬಣ್ಣದ ಸಾಕ್ಸ್. ಹೆಣ್ಣುಮಕ್ಕಳಿಗಾದರೆ ರಿಬ್ಬನ್ನಿನ ಬಣ್ಣವನ್ನೂ ಬರೆದಿರುತ್ತಾರೆ. "ಒಂದು ಸೈಜ್ ದೊಡ್ಡದೇ ಕೊಡಿ, ಬೆಳೆಯೋ ಮಗು" ಅನ್ನುವ ಮಾತು ಎಲ್ಲ ಕಡೆಯಿಂದಲೂ ಕೇಳುತ್ತದೆ.

ನಾನೂ ಹಾಗೇ ಹೇಳಿ ತಂದಿದ್ದೆ. ಮಗಳ ಸ್ಕರ್ಟಿನ ಅಂಚನ್ನು ಎರಡು ಇಂಚು ಒಳಗೆ ಮಡಚಿ ಹೊಲಿಸಿದ್ದೆವು, ಮುಂದಿನ ವರ್ಷಕ್ಕೂ ಬರಲಿ ಅಂತ. ಮುಂದಿನ ಮೇ ತಿಂಗಳಲ್ಲಿ ಶಾಲೆಯಿಂದ ಮೆಸೇಜ್ ಬಂತು. ಈ ಸಲದಿಂದ ಯೂನಿಫಾರ್ಮ್ ಬಣ್ಣ ಬೇರೆ. ಜೂನ್ ಒಂದರೊಳಗೆ ಹೊಸದು ಕೊಳ್ಳಬೇಕು. ಅಂಚು ಬಿಚ್ಚದೆಯೇ ಸ್ಕರ್ಟು ಮೂಲೆ ಸೇರಿತು. ಹೀಗೆ ಮಾಡಬಹುದಾ ಅಂತ ಹುಡುಕಲು ಹೊರಟವಳಿಗೆ ಉತ್ತರದ ಜೊತೆಗೆ ಒಂದು ದೊಡ್ಡ ಕಥೆಯೂ ಸಿಕ್ಕಿತು.

ಶಾಲೆಯ ಯೂನಿಫಾರ್ಮ್ ಶುರುವಾಗಿದ್ದು ಬಡ ಮಕ್ಕಳಿಂದ. 1552ರಲ್ಲಿ ಲಂಡನ್ನಿನಲ್ಲಿ ಕ್ರೈಸ್ಟ್ಸ್ ಹಾಸ್ಪಿಟಲ್ ಅನ್ನುವ ಶಾಲೆ ಹುಟ್ಟಿತು. ಹೆಸರಿನಲ್ಲಿ ಹಾಸ್ಪಿಟಲ್ ಇದ್ದರೂ ಅದು ಅನಾಥರಿಗೆ, ದಿಕ್ಕಿಲ್ಲದ ಮಕ್ಕಳಿಗೆ ಅನ್ನ, ಬಟ್ಟೆ, ಓದು ಕೊಡುವ ಜಾಗ. ಆ ಮಕ್ಕಳಿಗೆ ಉದ್ದನೆಯ ನೀಲಿ ಕೋಟು, ಹಳದಿ ಕಾಲುಚೀಲ. ನೀಲಿ ಬಣ್ಣ ಆಗ ಅಗ್ಗಕ್ಕೆ ಸಿಗುತ್ತಿತ್ತು. ನೀಲಿ ಕೋಟು ಹಾಕಿದ ಮಗು ಅಂದರೆ ದಾನದ ಅನ್ನ ತಿನ್ನುವ ಮಗು ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು. ಆಮೇಲೆ ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರ ಬೋರ್ಡಿಂಗ್ ಶಾಲೆಗಳೂ ತಮ್ಮದೇ ಕೋಟು, ಟೋಪಿ, ಟೈ ಮಾಡಿಕೊಂಡವು. ಬಡತನದ ಗುರುತಾಗಿದ್ದದ್ದು ದೊಡ್ಡಸ್ತಿಕೆಯ ಗುರುತೂ ಆಯಿತು. ಕ್ರೈಸ್ಟ್ಸ್ ಹಾಸ್ಪಿಟಲ್ ಮಕ್ಕಳು ಈಗಲೂ ಅದೇ ನೀಲಿ ಕೋಟು ತೊಡುತ್ತಾರೆ. ಬದಲಿಸೋಣವಾ ಅಂತ ಮಕ್ಕಳನ್ನೇ ಕೇಳಿದಾಗ ಬಹುತೇಕ ಎಲ್ಲರೂ ಬೇಡ ಅಂದರಂತೆ.

ಇಂಗ್ಲೆಂಡಿನ ಆ ಬೋರ್ಡಿಂಗ್ ಶಾಲೆಗಳ ಪದ್ಧತಿ ಬೆಂಗಳೂರಿಗೆ ಬರಲು ಬಹಳ ವರ್ಷ ಬೇಕಾಗಲಿಲ್ಲ. ದಂಡು ಪ್ರದೇಶದಲ್ಲಿ 1865ರಲ್ಲಿ ಬಿಷಪ್ ಕಾಟನ್ ಶಾಲೆ ಶುರುವಾಯಿತು. ಅದರ ಹೆಸರಿನಲ್ಲಿರುವ ಜಾರ್ಜ್ ಕಾಟನ್, ಕಲ್ಕತ್ತದ ಬಿಷಪ್ ಆಗುವ ಮೊದಲು ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ಮಾರ್ಲ್‌ಬರೊ ಶಾಲೆಯ ಮುಖ್ಯಸ್ಥರಾಗಿದ್ದವರು. ಇಂಗ್ಲೆಂಡಿನ ಆ ಶಾಲೆಗಳಲ್ಲಿ 'ಹೌಸ್' ಅಂದರೆ ನಿಜವಾಗಿಯೂ ಮನೆ. ಮಕ್ಕಳು ಉಂಡು ಮಲಗುವ ಹಾಸ್ಟೆಲ್ ಕಟ್ಟಡ. ಒಂದೊಂದು ಮನೆಗೆ ಒಂದೊಂದು ಬಣ್ಣ. ಸಂಜೆ ಮನೆಗೆ ಹೋಗಿ ಉಣ್ಣುವ ನಮ್ಮ ಮಕ್ಕಳಿಗೂ ಇವತ್ತು ಕೆಂಪು, ನೀಲಿ, ಹಳದಿ, ಹಸಿರು ಹೌಸ್ ಇವೆ. ಕಟ್ಟಡ ಹೋಯಿತು, ಟೀ ಶರ್ಟ್ ಉಳಿಯಿತು. ಅಕ್ಕನದು ಕೆಂಪು ಹೌಸ್, ತಮ್ಮನದು ಹಸಿರು ಹೌಸ್ ಆದರೆ ಅಕ್ಕನ ಟೀ ಶರ್ಟ್ ತಮ್ಮನಿಗೆ ಬರುವುದಿಲ್ಲ. ಇದು ಚಿಕ್ಕ ವಿಷಯ ಅನ್ನಿಸಬಹುದು. ಎರಡು ಮಕ್ಕಳ ಫೀಸು ಕಟ್ಟುವ ಮನೆಯಲ್ಲಿ ಕೇಳಿ ನೋಡಿ.

ಊರೂರಿನ ಶಾಲೆಗಳ ಕಥೆ ಬೇರೆ. ಅಲ್ಲಿ ಬಹಳ ಕಾಲ ಖಾಕಿ ಚಡ್ಡಿ, ಬಿಳಿ ಅಂಗಿಯದ್ದೇ ರಾಜ್ಯಭಾರ. ಈ ಖಾಕಿಗೂ ನಮ್ಮ ಮಂಗಳೂರಿಗೂ ನಂಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಬಲ್ಮಠದಲ್ಲಿ ನೇಯ್ಗೆ ಕಾರ್ಖಾನೆ ನಡೆಸಿದರು. ಅಲ್ಲಿ ಜಾನ್ ಹಾಲರ್ 1850ರ ದಶಕದ ಆಸುಪಾಸಿನಲ್ಲಿ ಖಾಕಿ ಬಣ್ಣ ತಯಾರಿಸಿದರು ಅಂತ ಕರಾವಳಿಯವರು ಹೆಮ್ಮೆಯಿಂದ ಹೇಳುತ್ತಾರೆ. ಪಂಜಾಬಿನ ಕಡೆ ಸೈನಿಕರು ಅದಕ್ಕೂ ಮೊದಲೇ ಬಟ್ಟೆಗೆ ಮಣ್ಣಿನ ಬಣ್ಣ ಹಾಕಿಕೊಳ್ಳುತ್ತಿದ್ದರು. ಹಾಗಾಗಿ ಮೊದಲು ಯಾರು ಅನ್ನುವ ಚರ್ಚೆ ಇದ್ದೇ ಇದೆ. ಖಾಕಿ ಚಡ್ಡಿಯ ಗುಣ ಮಾತ್ರ ತೊಟ್ಟವರಿಗೆಲ್ಲ ಗೊತ್ತು. ಕೊಳೆ ಕಾಣಲ್ಲ, ಬೇಗ ಹರಿಯಲ್ಲ, ಅಣ್ಣನದು ತಮ್ಮನಿಗೆ ಆಗುತ್ತದೆ. ಸಂತೆಯಲ್ಲಿ ಬಟ್ಟೆ ತಂದು ಬೀದಿ ಕೊನೆಯ ಟೈಲರ್ ಹತ್ತಿರ ಹೊಲಿಸಿದರೆ ಮುಗಿಯಿತು. ಯಾವ ಶಾಲೆಯ ಲಾಂಛನವೂ ಬೇಕಿರಲಿಲ್ಲ.

ಈ ಸುಲಭದ ಬಟ್ಟೆ ಖಾಸಗಿ ಶಾಲೆಗಳಿಗೆ ಸಾಲಲಿಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಗಳು ತಾಲ್ಲೂಕು ಊರುಗಳಿಗೆ ಬಂದಾಗ, ಒಬ್ಬ ಸಿಸ್ಟರ್ ಕೂಡ ಇಲ್ಲದ ಶಾಲೆಯನ್ನೂ ಜನ 'ಕಾನ್ವೆಂಟ್' ಅಂದರು. ಆ ಕಾನ್ವೆಂಟಿನ ಗುರುತು ಟೈ ಮತ್ತು ಶೂ. ಎಲಾಸ್ಟಿಕ್ ಇರುವ ರೆಡಿಮೇಡ್ ಟೈ, ಕೊರಳಿಗೆ ಸಿಕ್ಕಿಸಿದರೆ ಆಯಿತು. ಯೂನಿಫಾರ್ಮ್ ಇದ್ದರೆ ಎಲ್ಲ ಮಕ್ಕಳೂ ಸಮಾನರಾಗಿ ಕಾಣುತ್ತಾರೆ ಅಂತ ನಾವೆಲ್ಲ ಹೇಳುತ್ತೇವೆ. ಕ್ಲಾಸಿನ ಒಳಗೆ ಅದು ನಿಜ. ಸಾಹುಕಾರನ ಮಗನೂ ಗುಮಾಸ್ತನ ಮಗಳೂ ಒಂದೇ ಬಣ್ಣದ ಬಟ್ಟೆಯಲ್ಲಿ ಕೂರುತ್ತಾರೆ. ನಿನ್ನೆಯ ಬಟ್ಟೆಯನ್ನೇ ಇವತ್ತೂ ಹಾಕಿಕೊಂಡು ಬಂದೆ ಅನ್ನುವ ಸಂಕೋಚ ಯಾವ ಮಗುವಿಗೂ ಇಲ್ಲ. ಇದನ್ನು ನಾನು ಮನಸ್ಸಾರೆ ಒಪ್ಪುತ್ತೇನೆ. ಆದರೆ ಗೇಟು ದಾಟಿ ಬಸ್ ಸ್ಟಾಪಿಗೆ ಬಂದರೆ ಅದೇ ಬಟ್ಟೆ ಯಾರು ಎಷ್ಟು ಫೀಸಿನ ಶಾಲೆ ಅಂತ ಹೇಳಿಬಿಡುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಟೈ ಯಾಕೆ ಬೇಕು ಅನ್ನುವುದಕ್ಕೆ ನನಗೆ ಈವರೆಗೆ ಉತ್ತರ ಸಿಕ್ಕಿಲ್ಲ.

ಹೆಣ್ಣುಮಕ್ಕಳ ಬಟ್ಟೆಯ ಮಾತು ಪ್ರತ್ಯೇಕವಾಗಿಯೇ ಹೇಳಬೇಕು. ಚಿಕ್ಕವರಿಗೆ ಪಿನಾಫೋರ್, ಆಮೇಲೆ ಸ್ಕರ್ಟು, ಹೈಸ್ಕೂಲಿಗೆ ಬಂದ ಮೇಲೆ ಚೂಡಿದಾರ್ ಮತ್ತು ಮೇಲೊಂದು ಮಡಿಕೆ ಹಾಕಿ ಪಿನ್ನು ಚುಚ್ಚಿದ ವೇಲು. ಎರಡು ಜಡೆ ಮೇಲಕ್ಕೆ ಮಡಚಿ ರಿಬ್ಬನ್ ಕಟ್ಟಬೇಕು. ಓಡುವಾಗ, ಸೈಕಲ್ ಹೊಡೆಯುವಾಗ ಆ ಬಟ್ಟೆ ಹೇಗಿರುತ್ತದೆ ಅಂತ ನಿಯಮ ಬರೆಯುವವರು ಮಕ್ಕಳನ್ನು ಕೇಳುವುದು ಕಡಿಮೆ. ಕೇರಳದ ಎರ್ನಾಕುಲಂ ಜಿಲ್ಲೆಯ ವಳಯಂಚಿರಂಗರ ಅನ್ನುವ ಊರಿನ ಸರ್ಕಾರಿ ಶಾಲೆ ಬೇರೆ ದಾರಿ ಹಿಡಿಯಿತು. ಹುಡುಗ, ಹುಡುಗಿ ಎಲ್ಲರಿಗೂ ಒಂದೇ, ಅಂಗಿ ಮತ್ತು ಮುಕ್ಕಾಲು ಚಡ್ಡಿ. 2021ರಲ್ಲಿ ಇದು ದೇಶಕ್ಕೆಲ್ಲ ಸುದ್ದಿಯಾಯಿತು. ನಮ್ಮ ಖಾಸಗಿ ಶಾಲೆಗಳೂ ಇದನ್ನು ನೋಡಬೇಕು.

ಇನ್ನು ಕಾನೂನು. ಕರ್ನಾಟಕ ಶಿಕ್ಷಣ ಕಾಯ್ದೆ 1983ರದ್ದು. ಅದರ ಕೆಳಗೆ 1995ರಲ್ಲಿ ಬಂದ ಪಠ್ಯಕ್ರಮ ಮತ್ತು ವರ್ಗೀಕರಣದ ನಿಯಮಗಳಲ್ಲಿ 11ನೇ ನಿಯಮ ಯೂನಿಫಾರ್ಮಿನದ್ದು. ಮಾನ್ಯತೆ ಪಡೆದ ಶಾಲೆ ತನ್ನ ಯೂನಿಫಾರ್ಮನ್ನು ತಾನೇ ಗೊತ್ತುಮಾಡಬಹುದು ಅಂತ ಅದು ಹೇಳುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. ಒಮ್ಮೆ ಗೊತ್ತುಮಾಡಿದ ಮೇಲೆ ಮುಂದಿನ 5 ವರ್ಷ ಬದಲಿಸುವಂತಿಲ್ಲ. ಬದಲಿಸುವ ಯೋಚನೆ ಇದ್ದರೆ ಕನಿಷ್ಠ 1 ವರ್ಷ ಮೊದಲೇ ಪೋಷಕರಿಗೆ ನೋಟಿಸ್ ಕೊಡಬೇಕು.

ಈ ನಿಯಮ ಎಲ್ಲರ ಕಿವಿಗೆ ಬಿದ್ದಿದ್ದು 2022ರಲ್ಲಿ. ಉಡುಪಿಯ ಸರ್ಕಾರಿ ಹೆಣ್ಣುಮಕ್ಕಳ ಪಿಯು ಕಾಲೇಜಿನಲ್ಲಿ ಹಿಜಾಬ್ ವಿಚಾರ ಎದ್ದಿತ್ತು. ಫೆಬ್ರವರಿ 5ರಂದು ಸರ್ಕಾರ ಆದೇಶ ಹೊರಡಿಸಿತು. ಸರ್ಕಾರಿ ಶಾಲೆಗಳಲ್ಲಿ ಸರ್ಕಾರ ಹೇಳಿದ ಬಟ್ಟೆ, ಖಾಸಗಿ ಶಾಲೆಗಳಲ್ಲಿ ಆಡಳಿತ ಮಂಡಳಿ ಹೇಳಿದ ಬಟ್ಟೆ ಎಂದಿತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಹೇಮಂತ್ ಗುಪ್ತಾ ಹೈಕೋರ್ಟಿನ ತೀರ್ಪು ಸರಿ ಅಂದರು. ಸುಧಾಂಶು ಧುಲಿಯಾ ತಪ್ಪು ಅಂದರು, ಹುಡುಗಿಯ ಓದು ನಿಲ್ಲಬಾರದು ಅನ್ನುವುದನ್ನು ಮುಂದಿಟ್ಟರು. ವಿಷಯ ದೊಡ್ಡ ಪೀಠದ ಮುಂದೆ ಹೋಗಲಿ ಅಂತಾಯಿತು. ಪರೀಕ್ಷೆ ಹೊತ್ತಿನಲ್ಲಿ ಗೇಟಿನ ಹೊರಗೆ ಉಳಿದ ಮಕ್ಕಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಖಾಸಗಿ ಶಾಲೆಯಲ್ಲಿ ಹಿಜಾಬ್ ತೊಡಬಹುದಾ ಅನ್ನುವ ಪ್ರಶ್ನೆ ಕೇರಳ ಹೈಕೋರ್ಟಿಗೆ 2018ರಲ್ಲೇ ಹೋಗಿತ್ತು. ಒಬ್ಬ ವಿದ್ಯಾರ್ಥಿಯ ಹಕ್ಕಿಗಿಂತ ಸಂಸ್ಥೆಯ ಹಕ್ಕು ಮೇಲು ಅಂತ ಅಲ್ಲಿ ತೀರ್ಪಾಗಿತ್ತು.

ಇಷ್ಟೆಲ್ಲ ಚರ್ಚೆಯಲ್ಲಿ 11ನೇ ನಿಯಮದ ಮೊದಲ ಸಾಲು ಮನೆಮಾತಾಯಿತು. ಯೂನಿಫಾರ್ಮ್ ಗೊತ್ತುಮಾಡುವುದು ಶಾಲೆಯ ಅಧಿಕಾರ ಅಂತ ಎಲ್ಲರೂ ಕಲಿತರು. ಅದರ ಪಕ್ಕದಲ್ಲೇ ಇರುವ 5 ವರ್ಷ, 1 ವರ್ಷದ ಮಾತು ಮಾತ್ರ ಪೋಷಕರ ತನಕ ಬರಲೇ ಇಲ್ಲ. ಅಧಿಕಾರ ಮತ್ತು ಅದಕ್ಕೆ ಹಾಕಿದ ಕಟ್ಟು ಒಂದೇ ನಿಯಮದಲ್ಲಿವೆ, ಒಂದನ್ನು ಬಿಟ್ಟು ಒಂದನ್ನು ಓದುವಂತಿಲ್ಲ ಅಲ್ವಾ? ಸಿಬಿಎಸ್‌ಇ ಕೂಡ 2017ರ ಏಪ್ರಿಲ್‌ನಲ್ಲಿ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿತ್ತು. ಶಾಲೆಯೊಳಗೆ ಪುಸ್ತಕ, ಯೂನಿಫಾರ್ಮ್, ಶೂ ಮಾರುವ ವ್ಯಾಪಾರ ಬೇಡ ಅಂತ ಆಗ ಹೇಳಿತ್ತು. ಹಾಗೆಯೇ, ಸಾಕ್ಸ್ ಬಣ್ಣ ತಪ್ಪಿತು ಅಂತ ಮಗುವನ್ನು ಬಿಸಿಲಲ್ಲಿ ನಿಲ್ಲಿಸುವುದು ಶಿಸ್ತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ.

ನಾನು ಆ ನಿಯಮದ ಪ್ರಿಂಟ್ ತೆಗೆದುಕೊಂಡು ಇನ್ನೂ ನಾಲ್ಕು ಜನ ಪೋಷಕರ ಜೊತೆ ಶಾಲೆಗೆ ಹೋದೆ. ಜಗಳ ಆಡಲಿಲ್ಲ. ಓದಿ ತೋರಿಸಿದೆವು. ಆಫೀಸಿನಲ್ಲಿ ಇದ್ದವರಿಗೂ ಅದು ಹೊಸ ವಿಷಯವೇ. ಒಂದು ವಾರ ಬಿಟ್ಟು ಮೆಸೇಜ್ ಬಂತು, ಈ ವರ್ಷ ಪೂರ್ತಿ ಹಳೆಯ ಯೂನಿಫಾರ್ಮ್ ಹಾಕಬಹುದು ಅಂತ. ಮಗಳ ಸ್ಕರ್ಟಿನ ಆ ಎರಡು ಇಂಚನ್ನು ದಸರಾ ರಜೆಯಲ್ಲಿ ಬಿಚ್ಚಿದೆವು. ಮಡಿಕೆಯ ಒಳಗಿದ್ದ ಬಟ್ಟೆ ಉಳಿದದ್ದಕ್ಕಿಂತ ಸ್ವಲ್ಪ ಗಾಢವಾಗಿ ಕಾಣುತ್ತಿತ್ತು. ಅವಳು ಅದನ್ನೇ ಮಾರ್ಚ್ ತನಕ ಹಾಕಿಕೊಂಡಳು.