ಮೊದಲು ರಜಾ ಅರ್ಜಿ, ರಾಜೀನಾಮೆ ಬೇಡ

ಸಿರುಗುಪ್ಪದ ರೈಸ್ ಮಿಲ್ ಮಾಲೀಕರೊಬ್ಬರು ಬಳ್ಳಾರಿಯ ನಮ್ಮ ಆಫೀಸಿಗೆ ಬಂದಿದ್ದರು. ಮಗ ಖಾಸಗಿ ಕಂಪನಿಯಲ್ಲಿ ಪೈಲಟ್. ನಿದ್ದೆ ಬರುತ್ತಿಲ್ಲ, ಡ್ಯೂಟಿ ನೆನೆದರೇ ಎದೆ ಹೊಡೆದುಕೊಳ್ಳುತ್ತದೆ ಎಂದು ಮನೋವೈದ್ಯರ ಹತ್ತಿರ ಹೋಗಿದ್ದಾನೆ, ಮಾತ್ರೆ ಶುರುವಾಗಿದೆ, ಮೆಡಿಕಲ್‌ನಲ್ಲಿ, ಅಂದರೆ ಪೈಲಟ್‌ಗಳ ಕಡ್ಡಾಯ ಆರೋಗ್ಯ ತಪಾಸಣೆಯಲ್ಲಿ, 'ಟೆಂಪರರಿ ಅನ್‌ಫಿಟ್' ಬಂದಿದೆ. "ವಕೀಲ್ರೇ, ಅವರೇ ತೆಗೆಯೋಕಿಂತ ಮೊದ್ಲು ಇವನೇ ರಾಜೀನಾಮೆ ಕೊಡೋದು ಮರ್ಯಾದಿ ಅಲ್ಲೇನ್ರೀ?"

ಖಂಡಿತ ಅಲ್ಲ. ಟೆಂಪರರಿ ಅಂದರೆ ಚಿಕಿತ್ಸೆಯಾಗಿ, ಮತ್ತೆ ತಪಾಸಣೆಯಲ್ಲಿ ಫಿಟ್ ಬರುವವರೆಗೆ ಹಾರುವಂತಿಲ್ಲ, ಅಷ್ಟೇ. ರಾಜೀನಾಮೆ ಕೊಟ್ಟರೆ ಉಳಿದ ರಜೆ, ಕಂಪನಿ ವಿಮೆ ಎಲ್ಲ ಕೈಬಿಡಬಹುದು, ಇಷ್ಟು ವರ್ಷ ಬಿಡುವುದಿಲ್ಲ ಎಂದು ಬಾಂಡ್ ಬರೆದುಕೊಟ್ಟಿದ್ದರೆ ಅದರ ದುಡ್ಡನ್ನೂ ಕೇಳುತ್ತಾರೆ.

ಕಾನೂನು ಕಾಯುತ್ತದಾ? ಅರ್ಧಂಬರ್ಧ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಕೆಲಸದಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ತೆಗೆಯುವಂತಿಲ್ಲ, ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ಮಾನಸಿಕ ಕಾಯಿಲೆಯೂ ಅದರ ಪಟ್ಟಿಯಲ್ಲಿದೆ. ಆದರೆ ಈ ರಕ್ಷಣೆ ಸರ್ಕಾರಿ ಸಂಸ್ಥೆಗಳ ನೌಕರರಿಗೆ, ಅದೂ ದೀರ್ಘಕಾಲದ ತೊಂದರೆಗೆ. ಖಾಸಗಿ ಪೈಲಟ್‌ಗೆ ನೇಮಕಾತಿ ಪತ್ರ ಮತ್ತು ಕಂಪನಿಯ ರಜೆ ನಿಯಮವೇ ಮೊದಲ ಆಸರೆ, ಹಾಗಾಗಿ ನಾನು ಮೊದಲು ಕೇಳುವುದೂ ಅವೇ ಕಾಗದ. ವಿಮಾನ ನಿಲ್ದಾಣದಲ್ಲಿ ಲಗೇಜ್ ಎತ್ತುವ ಹುಡುಗರ ಕಥೆ ಬೇರೆ. ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ, ಶೇ 70ರಷ್ಟು ಕೂಲಿ ಸಿಗುತ್ತದೆ.

ಎಲ್ಲರೂ ಎಡವುವುದು ಯಾರಿಗೆ ಎಷ್ಟು ಹೇಳಬೇಕು ಅನ್ನೋದರಲ್ಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕು ಕೊಡುತ್ತದೆ. ರಜೆ ಕೇಳಿ ಎಚ್‌ಆರ್‌ಗೆ ಕೊಡುವ ಪತ್ರದಲ್ಲಿ 'ಇಂಥ ದಿನದವರೆಗೆ ಕೆಲಸಕ್ಕೆ ಅನರ್ಹ' ಎಂದಿದ್ದರೆ ಶುರುವಿಗೆ ಸಾಕು, ಕಾಯಿಲೆಯ ಹೆಸರನ್ನು ನೀವಾಗಿಯೇ ಬರೆಯಬೇಡಿ. ಮೆಡಿಕಲ್ ಮಾಡುವ ವೈದ್ಯರ ಮುಂದೆ ಮಾತ್ರ ಒಂದು ಮಾತ್ರೆಯನ್ನೂ ಮುಚ್ಚಿಡಬಾರದು. 2015ರಲ್ಲಿ ಜರ್ಮನಿಯ ಜರ್ಮನ್‌ವಿಂಗ್ಸ್ ವಿಮಾನ ಕಂಪನಿಯ ಸಹಪೈಲಟ್ ತನ್ನ ಕಾಯಿಲೆ ಮುಚ್ಚಿಟ್ಟು ಹಾರಿದ, ವಿಮಾನವನ್ನು ಬೆಟ್ಟಕ್ಕೆ ಗುದ್ದಿಸಿದ, 150 ಜನ ಸತ್ತರು.

ವಿಮೆಯಲ್ಲೂ ಗೊಂದಲ ಜಾಸ್ತಿ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ಆರೋಗ್ಯ ವಿಮೆ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಲೈಸೆನ್ಸ್ ಹೋದರೆ ಹಣ ಕೊಡುವ ಪಾಲಿಸಿ ಆರೋಗ್ಯ ವಿಮೆಯಲ್ಲ, ಅದರ ಹೊರಗಿಟ್ಟ ಕಾಯಿಲೆಗಳ ಪಟ್ಟಿಯನ್ನು ಸಾಲು ಸಾಲು ಓದಿ.

ಹೊರಡುವಾಗ ಯಜಮಾನರು, "ಊರಾಗ ನಮ್ ಹುಡುಗ ಒಬ್ಬನೇ ಹಿಂಗಾದ ಅಂತಾರ್ರೀ" ಎಂದರು. ಅಹಮದಾಬಾದ್ ವಿಮಾನ ದುರಂತವಾಗಿ ನಾಲ್ಕು ದಿನಕ್ಕೆ, 2025ರ ಜೂನ್ 16ರಂದು, ಏರ್ ಇಂಡಿಯಾದ 112 ಪೈಲಟ್‌ಗಳು ಸಿಕ್ ಲೀವ್ ಹಾಕಿದ್ದರು, ಸರ್ಕಾರವೇ ಲೋಕಸಭೆಯಲ್ಲಿ ಹೇಳಿದೆ ಅಂದೆ. ಅವರು ಆ ಸಂಖ್ಯೆಯನ್ನು ಮಿಲ್ಲಿನ ರಸೀದಿಯ ಹಿಂದೆ ಬರೆದುಕೊಂಡರು.