‘ಅಕಿ ಭಾಳ ಗಟ್ಟಿ ಅದಾಳ್ರೀ’

“ಅಕಿ ಭಾಳ ಗಟ್ಟಿ ಅದಾಳ್ರೀ. ಒಂದ ದಿನಾನೂ ಅತ್ತಿಲ್ಲ.” ಹೆಂಡತಿಯ ಬಗ್ಗೆ ಹೀಗೆ ಹೇಳುವ ಗಂಡಂದಿರು ಧಾರವಾಡದ ನನ್ನ ಕ್ಲಿನಿಕ್ಕಿಗೆ ಬರುತ್ತಾರೆ. ಬಂದಿರುವುದು ಕಿರಿಮಗನನ್ನು ತೋರಿಸಲಿಕ್ಕೆ. ಹಿರಿಯವನು ಬೈಕ್ ಅಪಘಾತದಲ್ಲಿ ಹೋಗಿರುತ್ತಾನೆ. ಕಿರಿಯವನಿಗೆ ನಿದ್ದೆ ಇಲ್ಲ, ಕಾಲೇಜು ಬೇಡ. ತಾಯಿ ಮಾತ್ರ ಬಂದಿರುವುದಿಲ್ಲ. (ಇದು ಒಂದೇ ಮನೆಯ ಕತೆಯಲ್ಲ. ಗುರುತು ಸಿಗಬಾರದಲ್ವಾ, ಹಲವು ಮನೆಗಳದ್ದನ್ನು ಸೇರಿಸಿ ಬರೆದಿದ್ದೇನೆ.)

ಆಗೆಲ್ಲ ನನಗೆ ‘ಆರ್ಡಿನರಿ ಪೀಪಲ್’ ನೆನಪಾಗುತ್ತದೆ. 1980ರ ಅಮೆರಿಕದ ಸಿನಿಮಾ, ನಟ ರಾಬರ್ಟ್ ರೆಡ್‌ಫೋರ್ಡ್ ನಿರ್ದೇಶಿಸಿದ ಮೊದಲ ಚಿತ್ರ. ದೋಣಿ ಅಪಘಾತದಲ್ಲಿ ಹಿರಿಮಗ ಸತ್ತಿದ್ದಾನೆ. ದೋಣಿಯನ್ನು ಬಿಡದೆ ಹಿಡಿದುಕೊಂಡ ಕಿರಿಯ ಕಾನ್ರಾಡ್ ಉಳಿದಿದ್ದಾನೆ. ತಾನು ಉಳಿದದ್ದೇ ತಪ್ಪು ಅಂತ ಅವನಿಗೆ ಅನ್ನಿಸಿಬಿಟ್ಟಿದೆ.

ಬೆಳಗಿನ ತಿಂಡಿಯ ದೃಶ್ಯ ಒಂದಿದೆ. ಮಗನಿಗೆ ಇಷ್ಟದ್ದನ್ನೇ ತಾಯಿ ಬೆತ್ ಮಾಡಿದ್ದಾಳೆ. ಹಸಿವಿಲ್ಲ ಅಂತಾನೆ. ಆಕೆ ತಟ್ಟೆ ಎತ್ತಿ ತಿಂಡಿಯನ್ನು ಸಿಂಕಿಗೆ ಸುರಿದುಬಿಡುತ್ತಾಳೆ. ನಮ್ಮ ಕಡೆ ಆಗಿದ್ದರೆ ‘ಅರ್ಧ ರೊಟ್ಟಿನರ ತಿನ್ನು’ ಅನ್ನುವ ಜಗಳವಾದರೂ ನಡೆಯುತ್ತಿತ್ತು. ನೋಡಿದ ಬಹಳ ಜನ ಬೆತ್‌ಳನ್ನು ಕಲ್ಲುಮನಸ್ಸಿನವಳು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಯಾರೂ ಇಲ್ಲದಾಗ ಸತ್ತ ಮಗನ ಕೋಣೆಗೆ ಹೋಗಿ ಸುಮ್ನೆ ಕೂರುವವಳೂ ಅವಳೇ. ಗಂಡ ಕರೆದರೂ ವೈದ್ಯರ ಹತ್ತಿರ ಮಾತ್ರ ಬರುವುದಿಲ್ಲ.

ನಮ್ಮಲ್ಲಿ ಮೊದಲ ದಿನಗಳಲ್ಲಿ ಮಾತಾಡಿಸಲು ಬರುವವರಿಂದ ಮನೆ ತುಂಬಿರುತ್ತದೆ. ದಿನದ ಕಾರ್ಯ ಮುಗಿದ ಮೇಲೆ ಯಾರೂ ಇಲ್ಲ. ಆಮೇಲೆ ಹೋದವನ ಹೆಸರನ್ನು ಮನೆಯವರೂ ಎತ್ತುವುದಿಲ್ಲ. ‘ಅವಳಿಗೆ ನೋವಾಗ್ತದ’ ಅಂತ ಮನೆಯವರು, ‘ಇವರಿಗೆ ನೋವಾಗ್ತದ’ ಅಂತ ತಾಯಿ.

ಅಳದೇ ಇರುವುದು ರೋಗವಲ್ಲ. ಅಳು ಅಂತ ಒತ್ತಾಯ ಮಾಡಬೇಡಿ. ಆರು ತಿಂಗಳು ದಾಟಿದರೂ ಹಂಬಲ ತಗ್ಗದೆ, ದಿನದ ಕೆಲಸವೂ ಸಾಗದಿದ್ದರೆ ತೋರಿಸಿ. ಬದುಕೋದೇ ಬೇಡ ಅನ್ನುವ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಇಲ್ಲೇ ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ರಾತ್ರಿಯೂ ಫೋನ್ ಮಾಡಬಹುದು.

ಒಮ್ಮೆ ಅಂಥ ಒಬ್ಬ ತಾಯಿ ಬಂದರು. ಮಗನ ಗುಳಿಗೆ ಬಗ್ಗೆ ಕೇಳಲು ಬಂದೆ ಅಂದರು. ನಾನು, ದೊಡ್ಡವನಿಗೆ ಏನು ಇಷ್ಟವಿತ್ತು ಅಂತ ಕೇಳಿದೆ. “ಬದ್ನಿಕಾಯಿ ಎಣ್ಣಿಗಾಯಿರೀ.” ಅವನು ಹೋದ ಮೇಲೆ ಮಾಡಿಯೇ ಇಲ್ಲವಂತೆ.

“ನನಗೂ ಅದ ಇಷ್ಟಬೇ,” ಅಂದ ಪಕ್ಕದಲ್ಲಿದ್ದ ಕಿರಿಯವ.