ಹತ್ತು ಕೆಜಿ ಸ್ಪಿಟ್‌ಫೈರ್ ಇಳಿಸಲು ಕೋಲಾರದಲ್ಲಿ ಜಾಗ ಎಲ್ಲಿದೆ?

ಸ್ಪಿಟ್‌ಫೈರ್ ಯುದ್ಧವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ 11.23 ಮೀಟರ್. ಐದರಲ್ಲಿ ಒಂದು ಭಾಗಕ್ಕೆ ಇಳಿಸಿ, ರೇಡಿಯೊದಿಂದ ಹಾರಿಸುವ ಮಾಡೆಲ್ ಮಾಡಿದರೆ ಸುಮಾರು 2.25 ಮೀಟರ್ ಆಗುತ್ತದೆ. ಬಾಲ್ಸಾ ಎಂಬ ಹಗುರ ಮರ, ತೆಳು ಪ್ಲೈವುಡ್, ಫೈಬರ್ ಬಟ್ಟೆ, ಇಪಾಕ್ಸಿ ಅಂಟು, ಐವತ್ತು ಅರವತ್ತು ಸಿಸಿಯ ಪೆಟ್ರೋಲ್ ಎಂಜಿನ್, ಮಡಚಿಕೊಳ್ಳುವ ಚಕ್ರ, ಎಲ್ಲ ಸೇರಿ ಹತ್ತು ಕೆಜಿ ಆಸುಪಾಸು ತೂಗುತ್ತದೆ. ಮನೆಯ ಒಂದು ಕೋಣೆಯಲ್ಲಿ ಇದನ್ನು ಕಟ್ಟಬಹುದು. ದಿನಾ ಸಂಜೆ ಒಂದೆರಡು ಗಂಟೆ ಕೂತರೂ ವರ್ಷ ಹಿಡಿಯುತ್ತದೆ. ಕಟ್ಟಿ ಮುಗಿಸಿದ ಮೇಲೆ ಇದನ್ನು ಹಾರಿಸುವುದು ಎಲ್ಲಿ?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ ಪ್ರಶ್ನೆಗೆ ಇವತ್ತು ನೇರ ಉತ್ತರವಿಲ್ಲ. ಹಿಂದೆ ಹೀಗಿರಲಿಲ್ಲ. ಸಾಮಾನು ಸಿಗದ ಕಾಲದಲ್ಲಿ ಬಯಲು ಬೇಕಾದಷ್ಟಿತ್ತು. ಸಾಮಾನು ಸಿಗುವ ಹೊತ್ತಿಗೆ ಬಯಲು ಹೋಯಿತು, ಮೇಲೆ ಕಾನೂನೂ ಬಂತು. ಇದು ಹೇಗಾಯಿತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಯುದ್ಧವಿಮಾನ ಕೋಲಾರಕ್ಕೆ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ ಇಲ್ಲಿ ನೆಲೆ ಮಾಡಿತ್ತು. ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್ ಹಾರಿಸಲು ಪೈಲಟ್‌ಗಳಿಗೆ ಕಲಿಸುತ್ತಿದ್ದ 1673ನೇ ಘಟಕ ಕೋಲಾರದಲ್ಲಿತ್ತು. 1944ರ ನವೆಂಬರ್‌ನಲ್ಲಿ ಇದೇ ಘಟಕದಿಂದ 358ನೇ ಸ್ಕ್ವಾಡ್ರನ್ ಹುಟ್ಟಿತು. ಆಮೇಲೆ ಅದು ಬಂಗಾಳದ ಕಡೆಗೆ ಹೋಗಿ, ಬರ್ಮಾ ಮತ್ತು ಅದರಾಚೆಯ ಕಾಡುಗಳಲ್ಲಿದ್ದ ಗುಪ್ತ ಪಡೆಗಳಿಗೆ ವಿಮಾನದಿಂದ ಸಾಮಾನು ಇಳಿಸುವ ಕೆಲಸ ಮಾಡಿತು. ಲಿಬರೇಟರ್‌ನ ರೆಕ್ಕೆ 33.5 ಮೀಟರ್ ಉದ್ದ. ಹತ್ತರಲ್ಲಿ ಒಂದು ಭಾಗಕ್ಕೆ ಇಳಿಸಿದರೂ ಕಾರಿನೊಳಗೆ ಇಡಲಾಗದು, ರೆಕ್ಕೆ ಬಿಚ್ಚಲೇಬೇಕು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಗೆ ಬಿಟ್ಟುಹೋದ ಲಿಬರೇಟರ್‌ಗಳನ್ನು ಬೆಂಗಳೂರಿನ ಎಚ್‌ಎಎಲ್ ರಿಪೇರಿ ಮಾಡಿ ಭಾರತೀಯ ವಾಯುಪಡೆಗೆ ಕೊಟ್ಟಿತು. 1968ರವರೆಗೂ ಅವು ಸೇವೆಯಲ್ಲಿದ್ದವು. ಕೋಲಾರದ ಹುಡುಗನೊಬ್ಬ ಮಾಡೆಲ್ ಕಟ್ಟಬೇಕು ಅಂತ ಹೊರಟರೆ ಮೊದಲು ಲಿಬರೇಟರ್ ಬಗ್ಗೆ ಓದಲಿ ಅನ್ನುವುದು ನನ್ನ ಆಸೆ. ಅದು ಅವನ ಊರಿನ ವಿಮಾನ.

ಬ್ರಿಟಿಷರು ಹೋದರು, ರನ್‌ವೇ ಪಾಳು ಬಿತ್ತು. ಆದರೆ ಅದರ ಕಥೆ ಅಲ್ಲಿಗೆ ಮುಗಿಯಲಿಲ್ಲ. 2009ರ ಏಪ್ರಿಲ್‌ನಲ್ಲಿ ಡಿಆರ್‌ಡಿಒ ತನ್ನ ನಿಶಾಂತ್ ಎಂಬ ಪೈಲಟ್‌ರಹಿತ ವಿಮಾನವನ್ನು ಇದೇ ಹಳೇ ರನ್‌ವೇಯಿಂದ ಹಾರಿಸಿತು. ನಮ್ಮ ದೇಶದಲ್ಲೇ ತಯಾರಾದ ವ್ಯಾಂಕೆಲ್ ರೋಟರಿ ಎಂಜಿನ್ ಹೊತ್ತ ಅದರ ಮೊದಲ ಹಾರಾಟ ಅದು. ಸುಮಾರು 40 ನಿಮಿಷ ಹಾರಿದ ನಿಶಾಂತ್ ಕೊನೆಗೆ ಇಳಿದಿದ್ದು ಒಂದು ಒಣ ಕೆರೆಯ ಅಂಗಳದಲ್ಲಿ. ಈ ಒಣ ಕೆರೆಯ ವಿಷಯ ನೆನಪಿಟ್ಟುಕೊಳ್ಳಿ.

ರೇಡಿಯೊದಿಂದ ಮಾಡೆಲ್ ವಿಮಾನ ಹಾರಿಸಿದ ಮೊದಲಿಗರಲ್ಲಿ ಅಮೆರಿಕದವರಿದ್ದರು. ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು 1937ರಲ್ಲಿ ‘ಗಫ್’ ಎಂಬ ವಿಮಾನ ಹಾರಿಸಿದರು. ಅದರ ರೆಕ್ಕೆ ಸುಮಾರು ಎಂಟು ಅಡಿ. ಆಗಿನ ರೇಡಿಯೊ, ಬ್ಯಾಟರಿ ಹೊರಲು ಅಷ್ಟು ದೊಡ್ಡದೇ ಬೇಕಿತ್ತು. ಅದೇ ಹೊತ್ತಿಗೆ ಹಾಲಿವುಡ್‌ನಲ್ಲಿ ಮಾಡೆಲ್ ವಿಮಾನದ ಅಂಗಡಿ ಇಟ್ಟಿದ್ದ ರೆಜಿನಾಲ್ಡ್ ಡೆನ್ನಿ ಎಂಬ ನಟ, ಸೈನಿಕರು ಗುರಿ ಹೊಡೆದು ಕಲಿಯಲು ರೇಡಿಯೊ ವಿಮಾನ ಮಾಡಿಕೊಡುತ್ತೇನೆ ಅಂತ ಅಮೆರಿಕ ಸೇನೆಯ ಹಿಂದೆ ಬಿದ್ದರು. ಯುದ್ಧ ಮುಗಿಯುವಷ್ಟರಲ್ಲಿ ಅವರ ಕಂಪನಿಯ ವಿಮಾನಗಳು ಸಾವಿರಾರು ಸಂಖ್ಯೆಯಲ್ಲಿ ತಯಾರಾಗಿದ್ದವು. ಇವತ್ತು ಡ್ರೋನ್ ಬೇರೆ, ಮಾಡೆಲ್ ವಿಮಾನ ಬೇರೆ ಅಂತ ನಾವು ಹವ್ಯಾಸಿಗಳು ಸರ್ಕಾರಕ್ಕೆ ಹೇಳುತ್ತಲೇ ಇರುತ್ತೇವೆ. ಆದರೆ ಎರಡರ ಬೇರೂ ಒಂದೇ ಅಂಗಡಿಯಲ್ಲಿದೆ ಅನ್ನುವುದು ನಿಜ. ಅದನ್ನು ಒಪ್ಪಿಕೊಂಡೇ ಮಾತಾಡಬೇಕು.

ನಮ್ಮಲ್ಲಿ ಈ ಹವ್ಯಾಸ ಬಹಳ ಕಾಲ ದುಡ್ಡಿದ್ದವರ ಕೈಯಲ್ಲೇ ಇತ್ತು. ಸಾಮಾನು ಹೊರದೇಶದಿಂದ ಬರಬೇಕಿತ್ತು. ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳಲು 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕಿತ್ತು. ಎನ್‌ಸಿಸಿ ಏರ್ ವಿಂಗ್ ಸೇರಿದ ಕಾಲೇಜು ಮಕ್ಕಳಿಗೆ ಮಾತ್ರ ಏರೋಮಾಡೆಲಿಂಗ್ ಪಾಠದ ಭಾಗವಾಗಿಯೇ ಸಿಗುತ್ತಿತ್ತು, ಈಗಲೂ ಸಿಗುತ್ತದೆ. ಹಳೇ ರೇಡಿಯೊಗಳಲ್ಲಿ ಇನ್ನೊಂದು ಕಾಟ ಇತ್ತು. ಒಂದೇ ಚಾನೆಲ್‌ನಲ್ಲಿ ಇಬ್ಬರು ಸ್ವಿಚ್ ಹಾಕಿದರೆ ಮೇಲಿದ್ದ ವಿಮಾನ ನೆಲಕ್ಕೆ ಬೀಳುತ್ತಿತ್ತು.

ಇದು ಬದಲಾಗಿದ್ದು 2005ರಲ್ಲಿ. ಆ ವರ್ಷದ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಜ್ ಪಟ್ಟಿಯನ್ನು ಹೊರಾಂಗಣದಲ್ಲೂ ಲೈಸೆನ್ಸ್ ಇಲ್ಲದೆ ಬಳಸಬಹುದು ಅಂತ ಬಿಟ್ಟುಕೊಟ್ಟಿತು. ಅದನ್ನು ಮಾಡಿದ್ದು ವೈ-ಫೈ ಥರದ ಸೌಲಭ್ಯಕ್ಕೆ. ಆದರೆ ಅದೇ ಹೊತ್ತಿಗೆ ಜಗತ್ತಿನಾದ್ಯಂತ ಮಾಡೆಲ್ ರೇಡಿಯೊಗಳೂ 2.4ಕ್ಕೆ ಬದಲಾದವು. ಹತ್ತು ಜನ ಒಟ್ಟಿಗೆ ನಿಂತು ಹಾರಿಸಿದರೂ ಒಬ್ಬರ ಸಿಗ್ನಲ್ ಇನ್ನೊಬ್ಬರದಕ್ಕೆ ಅಡ್ಡ ಬರುವುದಿಲ್ಲ. ಲಿಪೋ ಎಂಬ ಹಗುರ ಬ್ಯಾಟರಿ, ಬ್ರಷ್‌ಲೆಸ್ ಎಂಬ ವಿದ್ಯುತ್ ಮೋಟಾರ್ ಅಗ್ಗವಾದವು. ಬೆಂಗಳೂರಿನ ಸುತ್ತಮುತ್ತ ಹವ್ಯಾಸಿಗಳು ಜಾಸ್ತಿಯಾದರು. ಊರು ಬೆಳೆದ ಹಾಗೆ ಅವರು ಹೊರಗಿನ ಬಯಲುಗಳತ್ತ ಮುಖ ಮಾಡಿದರು.

ದೊಡ್ಡ ವಿಮಾನಕ್ಕೆ ಯಾಕೆ ಮನಸ್ಸು ಹೋಗುತ್ತದೆ ಅಂತ ಹೊರಗಿನವರು ಕೇಳುವುದುಂಟು. ಉತ್ತರ ಗಾಳಿಯಲ್ಲಿದೆ. ಚಿಕ್ಕ ಮಾಡೆಲ್ ಅನ್ನು ಗಾಳಿ ಎತ್ತಿ ಎಸೆಯುತ್ತದೆ, ಅದು ಸೊಳ್ಳೆಯ ಹಾಗೆ ಚಟಪಟ ಓಡಾಡುತ್ತದೆ. ಎರಡೂವರೆ ಮೀಟರ್ ರೆಕ್ಕೆಯ ಹರಿಕೇನ್ ಯುದ್ಧವಿಮಾನದ ಮಾಡೆಲ್ ಹಾಗಲ್ಲ. ನಿಧಾನ ತಿರುಗುತ್ತದೆ, ಭಾರದಿಂದ ಹಾರುತ್ತದೆ, ಪೆಟ್ರೋಲ್ ಎಂಜಿನ್ ಗುಡುಗುತ್ತದೆ. ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿದರೆ ನಿಜವಾದ ವಿಮಾನವೇ. ಮರ ಕಡಿಯುವ ಗರಗಸದ ಚಿಕ್ಕ ಎರಡು-ಸ್ಟ್ರೋಕ್ ಎಂಜಿನ್‌ಗಳನ್ನು ವಿಮಾನಕ್ಕೆ ಕೂರಿಸಲು ಹವ್ಯಾಸಿಗಳು ಕಲಿತ ಮೇಲೆ ಈ ಗಾತ್ರ ಸಾಧ್ಯವಾಯಿತು. ಅಮೆರಿಕದ ದೊಡ್ಡ ಮಾಡೆಲ್‌ಗಾರರ ಸಂಘದಲ್ಲಿ ಒಂದು ಜೊತೆ ರೆಕ್ಕೆಯ ವಿಮಾನ ‘ಜಯಂಟ್ ಸ್ಕೇಲ್’ ಅನ್ನಿಸಿಕೊಳ್ಳಲು ರೆಕ್ಕೆ 80 ಇಂಚಾದರೂ ಇರಬೇಕು, ಎರಡು ಜೊತೆ ರೆಕ್ಕೆಯದಾದರೆ 60 ಇಂಚು.

ಗಾತ್ರ ಬೆಳೆದ ಹಾಗೆ ಲೆಕ್ಕ ಬಿಗಿಯಾಗುತ್ತದೆ. ಅಳತೆ ಎರಡು ಪಟ್ಟು ಮಾಡಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಘನ ಎಂಟು ಪಟ್ಟಾಗುತ್ತದೆ. ತೂಕ ಆ ಎಂಟರ ಕಡೆಗೇ ಓಡುತ್ತದೆ. ರೆಕ್ಕೆಯ ಒಂದೊಂದು ಚದರ ಅಡಿಯೂ ಜಾಸ್ತಿ ಭಾರ ಹೊರಬೇಕು, ಅದಕ್ಕೆ ವೇಗ ಬೇಕು, ವೇಗಕ್ಕೆ ಉದ್ದನೆಯ ರನ್‌ವೇ ಬೇಕು. ಅದಕ್ಕೇ ಒಳ್ಳೆಯ ಕೆಲಸಗಾರರು ಒಂದೊಂದು ಗ್ರಾಂ ಉಳಿಸಲು ಒದ್ದಾಡುತ್ತಾರೆ. ಬಾಲ ಭಾರವಾದರೆ ಮೂತಿಗೆ ಸೀಸ ಕಟ್ಟಬೇಕಾಗುತ್ತದೆ, ಅದು ಸುಮ್ನೆ ಹೊರುವ ಭಾರ. ಕೋಲಾರದಲ್ಲಿ ಇನ್ನೊಂದು ತೊಡಕಿದೆ. ಊರು ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ಏಳೆಂಟು ಪರ್ಸೆಂಟ್ ತೆಳು. ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳುವಾಗುತ್ತದೆ. ಮಂಗಳೂರಿನಲ್ಲಿ ಸಲೀಸಾಗಿ ಏಳುವ ವಿಮಾನ ಇಲ್ಲಿ ಇನ್ನಷ್ಟು ಓಡಿ ಏಳಬೇಕು.

ಮೊದಲ ಯುದ್ಧವಿಮಾನ ಕಟ್ಟುವವರು ಸ್ಪಿಟ್‌ಫೈರ್ ಬಿಟ್ಟು ಹರಿಕೇನ್ ಆರಿಸಿಕೊಂಡರೆ ಒಳ್ಳೆಯದು ಅಂತ ನನಗನ್ನಿಸುತ್ತದೆ. ಸ್ಪಿಟ್‌ಫೈರ್‌ನ ಎರಡು ಚಕ್ರಗಳ ನಡುವೆ ಅಂತರ ಕಡಿಮೆ. ನೆಲ ಸ್ವಲ್ಪ ಏರುಪೇರಾದರೆ ಪಕ್ಕಕ್ಕೆ ವಾಲಿ ರೆಕ್ಕೆಯ ತುದಿ ಉಜ್ಜುತ್ತದೆ. ಹರಿಕೇನ್‌ನ ಚಕ್ರಗಳು ದೂರ ದೂರ ಇವೆ, ರೆಕ್ಕೆಯೂ ದಪ್ಪ, ಮಣ್ಣಿನ ನೆಲಕ್ಕೆ ಹೊಂದಿಕೊಳ್ಳುತ್ತದೆ. ಮೇಲಾಗಿ ಅದು ನಮ್ಮ ವಾಯುಪಡೆಯ ವಿಮಾನ. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ನಂ. 1 ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್‌ಗಳನ್ನೇ.

ಈಗ ಒಣ ಕೆರೆಯ ವಿಷಯಕ್ಕೆ ಬರೋಣ. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಈ ಜಿಲ್ಲೆಗಳನ್ನು ಸಾಕಿದ್ದು ಕೆರೆಗಳು. ಮಳೆ ಕೈಕೊಟ್ಟು, ಬೋರ್‌ವೆಲ್ ಸಾವಿರ ಅಡಿ ದಾಟಿದ ವರ್ಷಗಳಲ್ಲಿ ಕೆರೆಗಳೆಲ್ಲ ಬತ್ತಿ ಬಯಲಾದವು. ಬಳ್ಳಾರಿ ಜಾಲಿ ಬೆಳೆಯದ ಕಡೆ ಅಂಗಳ ಮಟ್ಟಸವಾಗಿ, ಗಟ್ಟಿಯಾಗಿ ಇರುತ್ತಿತ್ತು. ಸುತ್ತ ಮನೆಯಿಲ್ಲ, ಕರೆಂಟ್ ಕಂಬವಿಲ್ಲ. ಮಾಡೆಲ್ ಹಾರಿಸಲು ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಡಿಆರ್‌ಡಿಒ ತನ್ನ ವಿಮಾನ ಇಳಿಸಿದ್ದೂ ಇದೇ ಕಾರಣಕ್ಕೆ ಅಲ್ವಾ?

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ 126 ಕೆರೆ ತುಂಬಿಸುವ ಯೋಜನೆ ಅದು. ಹೆಬ್ಬಾಳ-ನಾಗವಾರ ಯೋಜನೆಯಿಂದ ಚಿಕ್ಕಬಳ್ಳಾಪುರದ ಕೆರೆಗಳಿಗೂ ನೀರು ಬರತೊಡಗಿತು. 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಆ ನೀರಿನ ಗುಣಮಟ್ಟದ ಬಗ್ಗೆ ರೈತರು ಎತ್ತಿದ ಪ್ರಶ್ನೆಗಳು ಬೇರೆಯೇ ಲೇಖನಕ್ಕೆ ಆಗುವಷ್ಟಿವೆ. ಕೆರೆಯಲ್ಲಿ ನೀರು ನಿಂತರೆ ಬೇಸರಪಡುವವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲ, ಇರಲೂಬಾರದು. ಆದರೆ ಹವ್ಯಾಸಿಗಳ ರನ್‌ವೇಗಳು ನೀರಿನಡಿ ಹೋದವು. ಉಳಿದ ಬಯಲುಗಳಲ್ಲಿ ಲೇಔಟ್ ಕಲ್ಲು ನೆಟ್ಟರು, ಇಲ್ಲವೇ ಮೊದಲೇ ನೀಲಗಿರಿ ತೋಪು ಎದ್ದಿತ್ತು.

ಇದೇ ಹೊತ್ತಿಗೆ ಕಾನೂನಿನ ಕಥೆಯೂ ನಡೆಯುತ್ತಿತ್ತು. 2011ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಒಬ್ಬನನ್ನು ಬಂಧಿಸಿದರು. ಸೇಬರ್, ಫ್ಯಾಂಟಮ್ ಯುದ್ಧವಿಮಾನಗಳ ದೊಡ್ಡ ಮಾಡೆಲ್‌ಗಳಲ್ಲಿ ಸ್ಫೋಟಕ ತುಂಬಿ ಪೆಂಟಗನ್ ಮೇಲೆ ಬಿಡಬೇಕು ಅಂತ ಅವನು ಯೋಜನೆ ಹಾಕಿದ್ದ. ಅವನಿಗೆ 17 ವರ್ಷ ಜೈಲಾಯಿತು. ಅಲ್ಲಿಂದ ಎಲ್ಲ ದೇಶಗಳ ಪೊಲೀಸರ ಕಣ್ಣಿಗೂ ದೊಡ್ಡ ಮಾಡೆಲ್ ಬೇರೆ ಥರ ಕಾಣತೊಡಗಿತು. ನಮ್ಮಲ್ಲಿ 2014ರ ಅಕ್ಟೋಬರ್ 7ರಂದು ವಿಮಾನಯಾನದ ಮೇಲ್ವಿಚಾರಣೆ ನೋಡುವ ಡಿಜಿಸಿಎ ಒಂದು ನೋಟಿಸ್ ಹೊರಡಿಸಿ, ನಿಯಮ ಬರುವವರೆಗೆ ಪೈಲಟ್‌ರಹಿತ ವಿಮಾನಗಳನ್ನು ಯಾರೂ ಹಾರಿಸಬಾರದು ಅಂದಿತು. ಆ ನೋಟಿಸ್‌ಗೆ ಕ್ಯಾಮೆರಾ ಡ್ರೋನೂ ಒಂದೇ, ಬಾಲ್ಸಾ ಹರಿಕೇನೂ ಒಂದೇ.

ನಿಯಮ ಬಂದಿದ್ದು ನಾಲ್ಕು ವರ್ಷದ ಮೇಲೆ, 2018ರ ಡಿಸೆಂಬರ್ 1ಕ್ಕೆ. ಅದರಲ್ಲಿ ಎರಡರಿಂದ 25 ಕೆಜಿವರೆಗಿನದೆಲ್ಲ ‘ಸ್ಮಾಲ್’ ವರ್ಗ. ಅನುಮತಿ ಸಿಗದಿದ್ದರೆ ಮೇಲೇಳದಂತೆ ತಡೆಯುವ ತಂತ್ರಾಂಶ ವಿಮಾನದೊಳಗೇ ಇರಬೇಕು ಅಂದರು. ಕಾರ್ಖಾನೆಯಲ್ಲಿ ಮಾಡಿದ ಡ್ರೋನ್‌ಗೆ ಅದು ಸರಿ. ಮನೆಯಲ್ಲಿ ಅಂಟು ಹಾಕಿ ಕಟ್ಟಿದ ವಿಮಾನಕ್ಕೆ ಅದನ್ನು ಕೂರಿಸುವುದು ಹೇಗೆ? 2020ರ ಜನವರಿಯಲ್ಲಿ ನಿಯಮ ಪಾಲಿಸದ ಡ್ರೋನ್ ಇಟ್ಟುಕೊಂಡವರು ತಾವೇ ಬಂದು ಹೇಳಿಕೊಳ್ಳಿ ಅಂತ ಎರಡೂವರೆ ವಾರ ಕೊಟ್ಟರು.

2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ಗಳಿಂದ ಬಾಂಬ್ ಬಿತ್ತು. ಇನ್ನು ಬಾಗಿಲು ಪೂರ್ತಿ ಮುಚ್ಚಿತು ಅಂತ ಹವ್ಯಾಸಿಗಳು ಅಂದುಕೊಂಡರೆ, ಆಗಿದ್ದೇ ಬೇರೆ. ಎರಡೇ ತಿಂಗಳಲ್ಲಿ, ಆಗಸ್ಟ್ 25ಕ್ಕೆ ಬಂದ ಡ್ರೋನ್ ನಿಯಮಗಳು ಮೊದಲಿಗಿಂತ ಎಷ್ಟೋ ಸಡಿಲವಾಗಿದ್ದವು. ಕಲಿಕೆ, ಸಂಶೋಧನೆ, ಮನರಂಜನೆಗೆ ಬಳಸುವ, 25 ಕೆಜಿ ಮೀರದ, ಕಣ್ಣಳತೆಯಲ್ಲೇ ಹಾರಿಸುವ ವಿಮಾನಕ್ಕೆ ‘ಮಾಡೆಲ್’ ಅಂತ ಬೇರೆ ವ್ಯಾಖ್ಯೆ ಸಿಕ್ಕಿತು. ಅದಕ್ಕೆ ಟೈಪ್ ಸರ್ಟಿಫಿಕೇಟ್, ಅಂದರೆ ಆ ಮಾದರಿಗೆ ಒಪ್ಪಿಗೆ ಕೊಡುವ ಪ್ರಮಾಣಪತ್ರ, ಬೇಡ. ಹಾರಿಸಲು ಅನುಮತಿ ಬೇಕಾಗುವ, ವಿಮಾನ ನಿಲ್ದಾಣದ ಸುತ್ತ 45 ಕಿ.ಮೀ. ಇದ್ದ ಹಳದಿ ವಲಯ 12 ಕಿ.ಮೀ.ಗೆ ಇಳಿಯಿತು. ದೇವನಹಳ್ಳಿಯಿಂದ ಲೆಕ್ಕ ಹಾಕಿದರೆ ಚಿಕ್ಕಬಳ್ಳಾಪುರ ಮೊದಲು ಒಳಗಿತ್ತು, ಈಗ ಹೊರಗಿದೆ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಲು ಪ್ರತಿ ಸಲ ಅನುಮತಿ ಕೇಳಬೇಕಿಲ್ಲ.

ಇಷ್ಟು ಮಾಡಿಯೂ ಒಂದು ಗಂಟು ಬಿಚ್ಚಲಿಲ್ಲ. ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್ ಬೇಡ ಅನ್ನುವ ವಿನಾಯಿತಿ ಇರುವುದು 250 ಗ್ರಾಂವರೆಗಿನ ನ್ಯಾನೊಗೆ ಮತ್ತು ವ್ಯಾಪಾರಕ್ಕೆ ಬಳಸದ, ಎರಡು ಕೆಜಿವರೆಗಿನ ಮೈಕ್ರೊಗೆ. ಹತ್ತು ಕೆಜಿ ಯುದ್ಧವಿಮಾನ ಇದರಲ್ಲಿ ಬರುವುದಿಲ್ಲ. ವಿಮಾನವನ್ನು ಮಾಡೆಲ್ ಅಂತ ಗುರುತಿಸಿದ ಕಾನೂನು, ಅದನ್ನು ಹಾರಿಸುವ ಹವ್ಯಾಸಿಯನ್ನು ವೃತ್ತಿಪರ ಡ್ರೋನ್ ಪೈಲಟ್ ಜೊತೆಗೇ ಸಾಲಿನಲ್ಲಿ ನಿಲ್ಲಿಸುತ್ತದೆ. ಇದು ತಪ್ಪಿ ಉಳಿದುಹೋದ ಕೊರತೆ ಅಂತ ನಾನು ನಂಬಿದ್ದೇನೆ, ಸರಿಪಡಿಸಲೇಬೇಕು. ಮಾಡೆಲ್ ಹಾರಿಸುವವರಿಗೆ ಬೇರೆಯೇ ಪರೀಕ್ಷೆ ಇಡಲಿ, ಕಷ್ಟದ್ದೇ ಇಡಲಿ. ಹತ್ತು ಕೆಜಿ ತೂಕ, ಮುಂದೆ ತಿರುಗುವ ಪ್ರೊಪೆಲ್ಲರ್, ಒಳಗೆ ಪೆಟ್ರೋಲ್ ಇರುವ ವಸ್ತು ತಲೆಯ ಮೇಲೆ ಬಿದ್ದರೆ ಜೀವ ಹೋಗುತ್ತದೆ. ನ್ಯಾನೊ ಬಿಟ್ಟು ಎಲ್ಲಕ್ಕೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಮಾಡಿದ್ದು ಸರಿಯಾಗಿಯೇ ಇದೆ. ಸಿಗ್ನಲ್ ಕಡಿದರೆ ಎಂಜಿನ್ ವೇಗ ತಾನಾಗಿ ಇಳಿಯುವ ಫೇಲ್‌ಸೇಫ್, ರಿಸೀವರ್‌ಗೆ ಎರಡು ಬ್ಯಾಟರಿ, ಹಾರಾಟಕ್ಕೆ ಮೊದಲು ಸಿಗ್ನಲ್ ಎಷ್ಟು ದೂರ ಮುಟ್ಟುತ್ತದೆ ಅಂತ ನೋಡುವ ರೇಂಜ್ ಚೆಕ್ ಇಲ್ಲದೆ ದೊಡ್ಡ ವಿಮಾನವನ್ನು ಯಾರೂ ಎತ್ತಬಾರದು.

2022ರ ಫೆಬ್ರವರಿಯಲ್ಲಿ ಡ್ರೋನ್ ಆಮದಿಗೆ ನಿಷೇಧ ಬಂತು, ಜೋಡಿಸಿದ್ದಕ್ಕೂ ಬಿಡಿಸಿಟ್ಟ ಕಿಟ್‌ಗೂ. ಬಿಡಿಭಾಗಕ್ಕೆ ಅಡ್ಡಿಯಿಲ್ಲ. ಹಾಗಾಗಿ ನಕ್ಷೆ ಹಾಸಿ, ಪಕ್ಕೆಲುಬು ಕತ್ತರಿಸಿ, ಮೊದಲಿಂದ ಕಟ್ಟುವ ಹಳೇ ವಿದ್ಯೆಗೆ ಮತ್ತೆ ಬೆಲೆ ಬಂದಿದೆ. ಬಾಲ್ಸಾ ಮಾತ್ರ ಈಗಲೂ ಹೆಚ್ಚಾಗಿ ಈಕ್ವೆಡಾರ್‌ನದು, ಗಾಳಿಯಂತ್ರದ ರೆಕ್ಕೆಗೂ ಅದೇ ಮರ ಬೇಕಾಗಿರುವುದರಿಂದ ದುಬಾರಿ.

ಜಾಗದ ಪ್ರಶ್ನೆಯನ್ನು ದೆಹಲಿ ಬಗೆಹರಿಸಲಾರದು. ಅದು ಜಿಲ್ಲೆಯಲ್ಲೇ ಆಗಬೇಕು. ಬೇಕಾಗಿರುವುದು ದೊಡ್ಡದೇನಲ್ಲ. ನೂರೈವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಸಮನಾದ ಪಟ್ಟಿ, ಸುತ್ತ ಮನೆ, ರಸ್ತೆ, ಹೈಟೆನ್ಷನ್ ಲೈನ್ ಇಲ್ಲದ ಬಯಲು. ಹಸಿರು ವಲಯದಲ್ಲಿರುವ ಯಾವುದಾದರೂ ಗೋಮಾಳದಲ್ಲಿ ಭಾನುವಾರ ಬೆಳಗ್ಗೆ ಮೂರು ಗಂಟೆ ಕೊಟ್ಟರೆ ಸಾಕು, ಉಳಿದ ಹೊತ್ತು ದನಕರು ಮೇಯಬಹುದು. ಪಂಚಾಯಿತಿಗೆ ಬಾಡಿಗೆ ಬರುತ್ತದೆ. ಠಾಣೆಗೆ ಯಾರು, ಯಾವಾಗ, ಎಷ್ಟು ಹೊತ್ತು ಅಂತ ಮೊದಲೇ ಗೊತ್ತಿರುತ್ತದೆ. ಆಷಾಢದಲ್ಲಿ ಇಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವದಿಂದ. ಪಟ್ಟಿಯನ್ನು ಪೂರ್ವ-ಪಶ್ಚಿಮವಾಗಿ ಹಾಕಿದರೆ ವರ್ಷದ ಬಹುಪಾಲು ದಿನ ಒಂದೇ ರನ್‌ವೇ ಸಾಲುತ್ತದೆ.